ಎಡದಿಂದಲೂ ಬಲದಿಂದಲೂ ಒಂದೇ: ದೈತ್ಯ ಪ್ಯಾಲಿಂಡ್ರೋಮ್ ಅವಿಭಾಜ್ಯಗಳ ಒಳಲೆಕ್ಕ

2024ರ ಅಕ್ಟೋಬರ್‌ನಲ್ಲಿ ಒಂದು ಸುದ್ದಿ ಬಂತು. ಅಲ್ಲಿಯವರೆಗೆ ಸಿಕ್ಕಿದ್ದರಲ್ಲೇ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಪತ್ತೆಯಾಗಿದೆ, ಅದರಲ್ಲಿ 4,10,24,320 ಅಂಕಿಗಳಿವೆ ಎಂದು. ಅದಕ್ಕೂ ಮೂರು ವರ್ಷ ಮೊದಲು, 2021ರ ಅಕ್ಟೋಬರ್‌ನಲ್ಲಿ, ಇನ್ನೊಂದು ದಾಖಲೆ ಸುದ್ದಿಯಾಗಿತ್ತು. ಅದು 18,88,529 ಅಂಕಿಗಳ ಪ್ಯಾಲಿಂಡ್ರೋಮ್ ಅವಿಭಾಜ್ಯ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ ಸಂಖ್ಯೆ. ಅದೇ ವರ್ಷ ಬರೀ ಒಂದುಗಳೇ ಇರುವ 81 ಲಕ್ಷ ಅಂಕಿಗಳ ಸಂಖ್ಯೆಯೂ ಸುದ್ದಿಗೆ ಬಂತು, ಆದರೆ 'ಬಹುಶಃ ಅವಿಭಾಜ್ಯ' ಎಂಬ ಹಣೆಪಟ್ಟಿಯೊಂದಿಗೆ. ಇವುಗಳ ನಡುವೆ, ಹೊಟ್ಟೆಯಲ್ಲಿ 666 ಇಟ್ಟುಕೊಂಡ 31 ಅಂಕಿಗಳ 'ದೆವ್ವದ ಸಂಖ್ಯೆ' ಆಗಾಗ ಫೋನಿನಿಂದ ಫೋನಿಗೆ ಹರಿದಾಡುತ್ತಲೇ ಇರುತ್ತದೆ.

ಓದುವವರಿಗೆ ಗೊಂದಲ ಆಗುವುದು ಸಹಜ. ಯಾವುದು ನಿಜಕ್ಕೂ ದೊಡ್ಡದು? ಗಣಿತದಲ್ಲಿ 'ಬಹುಶಃ' ಎಂದರೆ ಏನರ್ಥ? ಇಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯವೇ ಎಂದು ಯಾರಿಗಾದರೂ ಹೇಗೆ ಗೊತ್ತಾಗುತ್ತದೆ? ಇದರಿಂದ ಬ್ಯಾಂಕ್ ಖಾತೆಗೇನಾದರೂ ಅಪಾಯ ಇದೆಯಾ?

ಈ ದಾಖಲೆಗಳು ಪ್ಯಾಲಿಂಡ್ರೋಮ್‌ನ ಬಗ್ಗೆ ಹೇಳುವುದು ಕಮ್ಮಿ. ಆ ಸಂಖ್ಯೆಯ ಪಕ್ಕದಲ್ಲಿ ಕೂತ ಸಂಖ್ಯೆ ಎಷ್ಟು ಸುಲಭವಾಗಿ ಒಡೆಯುತ್ತದೆ ಎನ್ನುವುದರ ಬಗ್ಗೆ ಹೇಳುವುದೇ ಜಾಸ್ತಿ. ಈ ಒಂದು ಎಳೆ ಹಿಡಿದರೆ ಮೇಲಿನ ಗೊಂದಲಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಒಂದು ಗುಣ ಸಂಖ್ಯೆಯದ್ದು, ಇನ್ನೊಂದು ಬರಹದ್ದು

ತನ್ನಿಂದ ಮತ್ತು 1ರಿಂದ ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ ಅವಿಭಾಜ್ಯ. 131 ಅಂಥದ್ದು. ಅದನ್ನು ಯಾವ ಲಿಪಿಯಲ್ಲಿ ಬರೆದರೂ, ಯಾವ ಪದ್ಧತಿಯಲ್ಲಿ ಎಣಿಸಿದರೂ ಅದು ಅವಿಭಾಜ್ಯವೇ.

ಪ್ಯಾಲಿಂಡ್ರೋಮ್ ಹಾಗಲ್ಲ. ನಾವು ಹತ್ತರ ಗುಂಪಿನಲ್ಲಿ ಎಣಿಸುವುದರಿಂದ 131 ಎರಡೂ ಕಡೆಯಿಂದ ಒಂದೇ ಥರ ಕಾಣುತ್ತದೆ. ಕಂಪ್ಯೂಟರ್ ಎಣಿಸುವ ಎರಡರ ಪದ್ಧತಿಯಲ್ಲಿ ಅದೇ ಸಂಖ್ಯೆ 10000011. ಇದನ್ನು ತಿರುಗಿಸಿದರೆ 11000001, ಅಂದರೆ ಪ್ಯಾಲಿಂಡ್ರೋಮ್ ಅಲ್ಲ. 313ರ ಅದೃಷ್ಟ ಬೇರೆ. ಎರಡರ ಪದ್ಧತಿಯಲ್ಲಿ ಅದು 100111001 ಆಗುತ್ತದೆ, ಅಲ್ಲೂ ಪ್ಯಾಲಿಂಡ್ರೋಮ್!

2024ರ ದಾಖಲೆಯ ಸಂಖ್ಯೆಯನ್ನೂ ಹೀಗೇ ನೋಡಬಹುದು. 2ರ 13,62,79,841ನೇ ಘಾತದಿಂದ 1 ಕಳೆದರೆ ಆ ಸಂಖ್ಯೆ ಬರುತ್ತದೆ. ಎರಡರ ಪದ್ಧತಿಯಲ್ಲಿ ಬರೆದರೆ ಅದು 13,62,79,841 ಒಂದುಗಳ ಸಾಲು, ಬೇರೇನೂ ಇಲ್ಲ. ಹಾಗಾಗಿ ಅದೂ ಪ್ಯಾಲಿಂಡ್ರೋಮೇ, ಆದರೆ ಕಂಪ್ಯೂಟರಿನ ಕಣ್ಣಿಗೆ ಮಾತ್ರ. 'ಅತಿ ದೊಡ್ಡ ಪ್ಯಾಲಿಂಡ್ರೋಮ್ ಅವಿಭಾಜ್ಯ' ಎಂದು ಸುದ್ದಿಯಲ್ಲಿ ಬಂದರೆ, ಹತ್ತರ ಪದ್ಧತಿಯಲ್ಲಿ ಎಂದು ಸೇರಿಸಿಕೊಂಡು ಓದಬೇಕು. ಎರಡು ದಾಖಲೆಗಳ ಅಂಕಿಗಳಲ್ಲಿ ಅಷ್ಟೊಂದು ವ್ಯತ್ಯಾಸ ಇದ್ದರೂ ಎರಡೂ ಸರಿಯಾಗಿಯೇ ಇದ್ದದ್ದು ಇದೇ ಕಾರಣಕ್ಕೆ.

ಅಂಕಿಗಳ ಲೆಕ್ಕ ಸಮವಾದರೆ ಆಟ ಮುಗಿಯಿತು

ಎರಡಂಕಿಯ ಪ್ಯಾಲಿಂಡ್ರೋಮ್ ಅವಿಭಾಜ್ಯ ಒಂದೇ ಒಂದು, 11. ನಾಲ್ಕಂಕಿಯದ್ದು ಇಲ್ಲ. ಆರಂಕಿಯದ್ದೂ ಇಲ್ಲ. ಮುಂದೆ ಎಷ್ಟೇ ದೂರ ಹೋದರೂ ಸಮ ಸಂಖ್ಯೆಯ ಅಂಕಿಗಳಿರುವುದು ಸಿಗುವುದಿಲ್ಲ.

ಕಾರಣ ಸರಳ. ನಾಲ್ಕಂಕಿಯ ಪ್ಯಾಲಿಂಡ್ರೋಮ್‌ನಲ್ಲಿ ಹೊರಗಿನ ಎರಡೂ ಅಂಕಿ ಒಂದೇ, ಒಳಗಿನ ಎರಡೂ ಅಂಕಿ ಒಂದೇ. ಹಾಗಾಗಿ ಆ ಸಂಖ್ಯೆಯ ಬೆಲೆ ಹೊರಗಿನ ಅಂಕಿಯ 1001 ಪಟ್ಟು ಮತ್ತು ಒಳಗಿನ ಅಂಕಿಯ 110 ಪಟ್ಟು ಸೇರಿದಷ್ಟು. 1001 ಎಂದರೆ 11×91. 110 ಎಂದರೆ 11×10. ಎರಡರಲ್ಲೂ 11 ಇದೆ, ಹಾಗಾಗಿ ಮೊತ್ತದಲ್ಲೂ ಇರಲೇಬೇಕು. ಆರಂಕಿಗೆ ಬಂದರೆ 1,00,001 ಮತ್ತು 10,010 ಮತ್ತು 1,100 ಬರುತ್ತವೆ. ಇವು ಮೂರೂ 11ರಿಂದ ಭಾಗವಾಗುತ್ತವೆ. ಈ ಸರಣಿ ಎಲ್ಲೂ ತುಂಡಾಗುವುದಿಲ್ಲ.

ಇನ್ನೊಂದು ಸೋಸುವಿಕೆ ಕೊನೆಯ ಅಂಕಿಯಿಂದ ಬರುತ್ತದೆ. ದೊಡ್ಡ ಅವಿಭಾಜ್ಯದ ಕೊನೆಯ ಅಂಕಿ 1, 3, 7 ಅಥವಾ 9 ಆಗಿರಲೇಬೇಕು. ಪ್ಯಾಲಿಂಡ್ರೋಮ್‌ನಲ್ಲಿ ಕೊನೆಯದೇ ಮೊದಲನೆಯದು. ಹಾಗಾಗಿ 200ರಿಂದ 299ರವರೆಗೆ, 400ರಿಂದ 699ರವರೆಗೆ, 800ರಿಂದ 899ರವರೆಗೆ ಒಂದೂ ಇಲ್ಲ. ಮೂರಂಕಿಯಲ್ಲಿ ಉಳಿಯುವುದು 15 ಮಾತ್ರ: 101, 131, 151, 181, 191, 313, 353, 373, 383, 727, 757, 787, 797, 919, 929.

ಅವಿಭಾಜ್ಯತೆಗೆ ಈ ಚೆಂದ ಕಾಣಿಸುವುದೇ ಇಲ್ಲ

ಪ್ಯಾಲಿಂಡ್ರೋಮ್ ಆಗಿರುವುದರಿಂದ ಒಂದು ಸಂಖ್ಯೆ ಅವಿಭಾಜ್ಯ ಆಗುವ ಸಾಧ್ಯತೆ ಹೆಚ್ಚುತ್ತದೆಯೇ? ಎಣಿಸಿ ನೋಡಬಹುದು.

ಐದಂಕಿಯ ಪ್ಯಾಲಿಂಡ್ರೋಮ್‌ಗಳು 900 ಇವೆ. ಅವುಗಳಲ್ಲಿ 93 ಅವಿಭಾಜ್ಯ, ಅಂದರೆ ಶೇ. 10.3. ಐದಂಕಿಯ ಒಟ್ಟು 90,000 ಸಂಖ್ಯೆಗಳಲ್ಲಿ ಅವಿಭಾಜ್ಯಗಳು 8,363, ಅಂದರೆ ಶೇ. 9.3. ಏಳಂಕಿಗೆ ಹೋದರೆ ಪ್ಯಾಲಿಂಡ್ರೋಮ್‌ಗಳಲ್ಲಿ ಶೇ. 7.4, ಒಟ್ಟು ಸಂಖ್ಯೆಗಳಲ್ಲಿ ಶೇ. 6.5. ಪ್ಯಾಲಿಂಡ್ರೋಮ್‌ಗಳು ಸ್ವಲ್ಪ ಮುಂದಿವೆ, ಅಲ್ವಾ?

ಇದರ ಹಿಂದೆ ಯಾವ ಗುಟ್ಟೂ ಇಲ್ಲ. ಸಾಮಾನ್ಯ ಸಂಖ್ಯೆಯ ಕೊನೆಯಲ್ಲಿ 0 ಬರಬಹುದು. ಪ್ಯಾಲಿಂಡ್ರೋಮ್‌ನಲ್ಲಿ ಬರುವಂತಿಲ್ಲ, ಯಾಕೆಂದರೆ ಮೊದಲ ಅಂಕಿ 0 ಆಗುವಂತಿಲ್ಲ. ಸಾಮಾನ್ಯ ಸಂಖ್ಯೆಗೆ ಕೊನೆಯ ಅಂಕಿ ಹತ್ತರಲ್ಲಿ ನಾಲ್ಕು ಸಲ ಅನುಕೂಲಕರ, ಪ್ಯಾಲಿಂಡ್ರೋಮ್‌ಗೆ ಒಂಬತ್ತರಲ್ಲಿ ನಾಲ್ಕು ಸಲ. 9.3ನ್ನು 10ರಿಂದ ಗುಣಿಸಿ 9ರಿಂದ ಭಾಗಿಸಿದರೆ 10.3 ಬರುತ್ತದೆ. 6.5ಕ್ಕೆ ಅದನ್ನೇ ಮಾಡಿದರೆ 7.2. ಮುನ್ನಡೆಯ ಬಹುಪಾಲು ಇಷ್ಟರಲ್ಲೇ ತೀರಿತು. ಉಳಿದಂತೆ ಪ್ಯಾಲಿಂಡ್ರೋಮ್‌ಗಳು ಬೇರೆ ಸಂಖ್ಯೆಗಳ ಹಾಗೇ ನಡೆದುಕೊಳ್ಳುತ್ತವೆ. ನಮ್ಮ ಕಣ್ಣಿಗೆ ಎದ್ದು ಕಾಣುವ ಅಂದ ಅವಿಭಾಜ್ಯತೆಯ ಲೆಕ್ಕಕ್ಕೆ ಬರುವುದೇ ಇಲ್ಲ.

666 ಇರುವ ಸಂಖ್ಯೆ

'ದೆವ್ವದ ಸಂಖ್ಯೆ'ಯ ವಿಷಯಕ್ಕೂ ಇದೇ ಮಾತು. ಒಂದು 1, ಆಮೇಲೆ 13 ಸೊನ್ನೆ, 666, ಮತ್ತೆ 13 ಸೊನ್ನೆ, ಕೊನೆಗೆ 1. ಒಟ್ಟು 31 ಅಂಕಿ. ಇದನ್ನು ಪತ್ತೆಹಚ್ಚಿದವರು ಅಮೆರಿಕದ ಹಾರ್ವೆ ಡಬ್ನರ್. ಬೆಲ್ಫೆಗೋರ್ ಎಂಬ ಪಿಶಾಚಿಯ ಹೆಸರಿಟ್ಟವರು ಕ್ಲಿಫರ್ಡ್ ಪಿಕೋವರ್. ಎರಡೂ ಕಡೆ 13, ನಡುವೆ 666. ಪಾಶ್ಚಾತ್ಯರಲ್ಲಿ ಎರಡೂ ಕೆಟ್ಟ ಸಂಖ್ಯೆಗಳು ಎಂಬ ನಂಬಿಕೆ ಇರುವುದರಿಂದ ಈ ಸಂಖ್ಯೆಗೆ ಇಷ್ಟು ಪ್ರಚಾರ.

ಆದರೆ 13 ಅಲ್ಲಿ ಬಂದದ್ದು ಹೇಗೆ ಎಂದು ನೋಡಿದರೆ ದೆವ್ವ ಮಾಯವಾಗುತ್ತದೆ. ಸೊನ್ನೆಗಳನ್ನು ಕಡಿಮೆ ಮಾಡಿ ನೋಡಿ. ಸೊನ್ನೆಯೇ ಇಲ್ಲದಿದ್ದರೆ 16661, ಅದು ಅವಿಭಾಜ್ಯ. ಎರಡೂ ಕಡೆ 3 ಸೊನ್ನೆ ಹಾಕಿದರೆ 10006660001, ಅದು 13×769743077. ನಾಲ್ಕು ಸೊನ್ನೆ ಹಾಕಿದರೆ 1000066600001, ಅದು 7×142866657143. ಇದು ಆರಾರು ಹೆಜ್ಜೆಗೆ ಮರುಕಳಿಸುತ್ತದೆ. 3, 9, 15 ಸೊನ್ನೆಗಳಿದ್ದರೆ 13 ಭಾಗಿಸುತ್ತದೆ. 4, 10, 16 ಇದ್ದರೆ 7 ಭಾಗಿಸುತ್ತದೆ. ಹತ್ತರ ಘಾತಗಳನ್ನು 7ರಿಂದ ಅಥವಾ 13ರಿಂದ ಭಾಗಿಸಿದಾಗ ಶೇಷಗಳು ಆರು ಹೆಜ್ಜೆಗೊಮ್ಮೆ ತಿರುಗಿ ಬರುವುದರಿಂದ ಹೀಗಾಗುತ್ತದೆ. 3 ಮತ್ತು 11 ಈ ಸಾಲಿನ ಯಾವ ಸಂಖ್ಯೆಯನ್ನೂ ಮುಟ್ಟುವುದಿಲ್ಲ.

ಹೀಗೆ ಒಂದೊಂದು ಭಾಜಕವೂ ತನ್ನ ಲಯದಲ್ಲಿ ಕೆಲವು ಸ್ಥಾನಗಳನ್ನು ಹೊಡೆದುಹಾಕುತ್ತಾ ಹೋಗುತ್ತದೆ. 13 ಸೊನ್ನೆಗಳ ಸ್ಥಾನ ಎಲ್ಲರ ಕೈಯಿಂದಲೂ ತಪ್ಪಿಸಿಕೊಂಡಿತು. ಮುಂದೆ 42 ಸೊನ್ನೆಗಳದ್ದು, 506ರದ್ದು, 608ರದ್ದು ಕೂಡ ತಪ್ಪಿಸಿಕೊಂಡಿವೆ. ಅವುಗಳಿಗೆ ಯಾರೂ ಹೆದರುವುದಿಲ್ಲ.

ಪಕ್ಕದ ಸಂಖ್ಯೆ ಕೊಡುವ ಸಾಕ್ಷಿ

31 ಅಂಕಿ ಇಂದಿನ ಕಂಪ್ಯೂಟರ್‌ಗೆ ಏನೂ ಅಲ್ಲ. 18 ಲಕ್ಷ ಅಂಕಿ ಎಂದರೆ ಬೇರೆಯದೇ ಮಾತು. ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುತ್ತಾ ಕೂತರೆ ಯಾವ ಕಂಪ್ಯೂಟರ್‌ನಿಂದಲೂ ಎಂದಿಗೂ ಮುಗಿಯದು. ಹಾಗಾದರೆ ಸಾಬೀತು ಮಾಡುವುದು ಹೇಗೆ?

101ನ್ನೇ ತೆಗೆದುಕೊಳ್ಳೋಣ. 2ರ ಘಾತಗಳನ್ನು ಒಂದೊಂದಾಗಿ ಮಾಡುತ್ತಾ ಹೋಗಿ, ಪ್ರತಿ ಸಲ 101ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 10ನೇ ಘಾತಕ್ಕೆ ಶೇಷ 14. 20ನೇ ಘಾತಕ್ಕೆ 95. 50ನೇ ಘಾತಕ್ಕೆ 100. 100ನೇ ಘಾತಕ್ಕೆ 1. ಸುತ್ತು ಮುಗಿಯಿತು.

ಈ ಸುತ್ತು 100ಕ್ಕಿಂತ ಮೊದಲೇ ಮುಗಿದಿರಬಹುದೇ? ಹಾಗಿದ್ದರೆ ಅದು 100ನ್ನು ಭಾಗಿಸುವ ಯಾವುದೋ ಹೆಜ್ಜೆಯಲ್ಲೇ ಮುಗಿದಿರಬೇಕು. 100 ಎಂದರೆ 2×2×5×5. ಅದರ ಉಳಿದ ಭಾಜಕಗಳೆಲ್ಲ 50ರ ಅಥವಾ 20ರ ಭಾಜಕಗಳೇ. ಆ ಎರಡೂ ಕಡೆ ಶೇಷ 1 ಬಂದಿಲ್ಲ. ಹಾಗಾಗಿ ಸುತ್ತಿನ ಉದ್ದ ಸರಿಯಾಗಿ 100. ಅಂದರೆ 1ರಿಂದ 100ರವರೆಗಿನ ಪ್ರತಿಯೊಂದು ಶೇಷವೂ ದಾರಿಯಲ್ಲಿ ಒಮ್ಮೆ ಸಿಕ್ಕಿದೆ, ಪ್ರತಿಯೊಂದೂ ಕೊನೆಗೆ 1ಕ್ಕೆ ತಲುಪಿದೆ. 101ಕ್ಕೆ ಒಂದು ಚಿಕ್ಕ ಭಾಜಕ ಇದ್ದಿದ್ದರೆ ಆ ಭಾಜಕವೂ ಈ ಸಾಲಿನಲ್ಲಿ ಸಿಗಬೇಕಿತ್ತು. ಆದರೆ ಅಲ್ಲಿಂದ ಎಷ್ಟು ಗುಣಿಸಿದರೂ ಬರುವ ಶೇಷಗಳೆಲ್ಲ ಅದರ ಗುಣಕಗಳೇ, 1 ಬರಲು ಸಾಧ್ಯವೇ ಇಲ್ಲ. ಆದ್ದರಿಂದ ಅಂಥ ಭಾಜಕ ಇಲ್ಲ. 101 ಅವಿಭಾಜ್ಯ. ಒಂದೇ ಒಂದು ಸಂಖ್ಯೆಯಿಂದಲೂ ಭಾಗಿಸಿ ನೋಡಬೇಕಾಗಲಿಲ್ಲ!

ಇಡೀ ವಾದ ನಿಂತದ್ದು ಒಂದೇ ಸಂಗತಿಯ ಮೇಲೆ. ಪಕ್ಕದ 100 ಹೇಗೆ ಒಡೆಯುತ್ತದೆ ಎಂದು ನಮಗೆ ಗೊತ್ತಿತ್ತು.

ಈಗ 2021ರ ದಾಖಲೆಯನ್ನು ನೋಡಿ. ಅದರಲ್ಲಿ ಮೊದಲು 9,44,264 ಒಂಬತ್ತುಗಳು, ನಡುವೆ ಒಂದು 8, ಮತ್ತೆ 9,44,264 ಒಂಬತ್ತುಗಳು. ಇದಕ್ಕೆ 1 ಸೇರಿಸಿದರೆ ಬಲಗಡೆಯ ಒಂಬತ್ತುಗಳೆಲ್ಲ ಸೊನ್ನೆಯಾಗುತ್ತವೆ, ನಡುವಿನ 8 ಒಂಬತ್ತಾಗುತ್ತದೆ. ಕೊನೆಯಲ್ಲಿ 9,44,264 ಸೊನ್ನೆಗಳಿದ್ದರೆ ಅಷ್ಟು ಸಲ 2 ಮತ್ತು ಅಷ್ಟು ಸಲ 5 ಅದನ್ನು ಭಾಗಿಸುತ್ತವೆ ಎಂದಾಯಿತು. ಪಕ್ಕದ ಸಂಖ್ಯೆಯ ಸುಮಾರು ಅರ್ಧದಷ್ಟು ಭಾಗ ಕೂತಲ್ಲೇ ಒಡೆದು ಸಿಕ್ಕಿತು. ಇಂಥ ಸಾಬೀತಿಗೆ ಪಕ್ಕದ ಸಂಖ್ಯೆ ಪೂರ್ತಿ ಒಡೆಯಬೇಕೆಂದೇನೂ ಇಲ್ಲ, ಮೂರನೇ ಒಂದು ಪಾಲು ಅಂಕಿಗಳಷ್ಟು ಭಾಗ ಗೊತ್ತಿದ್ದರೂ ಸಾಕು. 1 ಕಳೆದು ಸಿಗುವ ಸಂಖ್ಯೆಗೆ ಒಂದು ವಿಧಾನ, 1 ಕೂಡಿ ಸಿಗುವ ಸಂಖ್ಯೆಗೆ ಇನ್ನೊಂದು. ತರ್ಕ ಎರಡರಲ್ಲೂ ಒಂದೇ ಬಗೆಯದು.

ರಯಾನ್ ಪ್ರಾಪರ್ ಮತ್ತು ಸರ್ಜ್ ಬಟಾಲೋವ್ ಈ ಸಂಖ್ಯೆಯನ್ನು ಸುಮ್ನೆ ಎಲ್ಲೋ ಎಡವಿ ಕಂಡದ್ದಲ್ಲ. ಸಾಬೀತು ಮಾಡಲು ಆಗುವ ಮಾದರಿಯೊಳಗೇ ಹುಡುಕಿದ್ದರಿಂದ ಅದು ಸಿಕ್ಕಿತು. ಮಾದರಿ ಇದ್ದ ಮಾತ್ರಕ್ಕೆ ಅವಿಭಾಜ್ಯ ಆಗಿಬಿಡುವುದಿಲ್ಲ. ಇದೇ ಅಚ್ಚಿನ 989 ಎಂದರೆ 23×43, ಮತ್ತು 99899 ಎಂದರೆ 283×353. 2024ರ ದಾಖಲೆಯದ್ದೂ ಇದೇ ಕಥೆ. ಅದಕ್ಕೆ 1 ಸೇರಿಸಿದರೆ ಬರೀ 2ರ ಘಾತ, ಅದಕ್ಕಿಂತ ಸುಲಭವಾಗಿ ಒಡೆಯುವ ಸಂಖ್ಯೆ ಇಲ್ಲ.

ಬರೀ ಒಂದುಗಳ ಸಾಲು, ಮುಗಿಯದ ಜಗಳ

ಪಕ್ಕದ ಸಂಖ್ಯೆ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದುಗಳ ಸಾಲು ಒಳ್ಳೆಯ ಉದಾಹರಣೆ. 11 ಅವಿಭಾಜ್ಯ. 19 ಒಂದುಗಳ ಸಂಖ್ಯೆ, 23 ಒಂದುಗಳದ್ದು, 317ರದ್ದು, 1,031ರದ್ದು ಅವಿಭಾಜ್ಯ. ಮುಂದಿನದು 49,081 ಒಂದುಗಳದ್ದು. 1999ರಲ್ಲೇ ಡಬ್ನರ್ ಅದರ ಮೇಲೆ ಬೆರಳಿಟ್ಟಿದ್ದರು, ಪೂರ್ತಿ ಸಾಬೀತಾಗಿದ್ದು 2022ರಲ್ಲಿ. 2021ರಲ್ಲಿ ಪ್ರಾಪರ್ ಮತ್ತು ಬಟಾಲೋವ್ 81,77,207 ಒಂದುಗಳ ಸಂಖ್ಯೆ ಬಹುಶಃ ಅವಿಭಾಜ್ಯ ಎಂದು ತೋರಿಸಿದರು. ಪ್ಯಾಲಿಂಡ್ರೋಮ್ ಆಗಿ ಅದು ಅದೇ ವರ್ಷದ ದಾಖಲೆಯ ನಾಲ್ಕು ಪಟ್ಟಿಗೂ ಜಾಸ್ತಿ ಉದ್ದ. ಆದರೂ ದಾಖಲೆ ಅದರ ಹೆಸರಿಗೆ ಬರಲಿಲ್ಲ.

ಯಾಕೆ? 81,77,207 ಒಂದುಗಳಿಂದ 1 ಕಳೆದರೆ ಕೊನೆಯಲ್ಲಿ ಒಂದೇ ಒಂದು ಸೊನ್ನೆ. ಉಳಿದದ್ದು 81,77,206 ಒಂದುಗಳ ಸಾಲು. ಅದು ಎರಡು ತುಂಡಾಗುತ್ತದೇನೋ ನಿಜ, ಆದರೆ ಒಂದೊಂದು ತುಂಡಿಗೂ 40 ಲಕ್ಷಕ್ಕೂ ಮೇಲ್ಪಟ್ಟು ಅಂಕಿಗಳಿವೆ. ಅವನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯದೆ ಸಾಬೀತು ಮುಂದೆ ಸಾಗುವುದಿಲ್ಲ. ಯಾವುದೇ ಸಂಖ್ಯೆಗೂ ನಡೆಯುವ ಬೇರೆ ವಿಧಾನಗಳಿವೆ, ಆದರೆ ಅವು ಇಷ್ಟು ಉದ್ದಕ್ಕೆ ಎಟಕುವುದಿಲ್ಲ. 2002ರಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟ ಪರೀಕ್ಷೆ ತಾತ್ವಿಕವಾಗಿ ದೊಡ್ಡ ಮೈಲಿಗಲ್ಲು. ಯಾವ ಸಂಖ್ಯೆಗಾದರೂ, ಯಾವ ಊಹೆಯ ಆಸರೆಯೂ ಇಲ್ಲದೆ, ಒಪ್ಪುವ ಸಮಯದಲ್ಲಿ ಉತ್ತರ ಸಿಗುತ್ತದೆ ಎಂದು ಅವರು ತೋರಿಸಿದರು. ಆದರೆ ದಾಖಲೆ ಗಾತ್ರದ ಸಂಖ್ಯೆಗಳಿಗೆ ಅದೂ ತೀರಾ ನಿಧಾನ.

ಹಾಗಾಗಿ ಉಳಿಯುವುದು 'ಬಹುಶಃ'. 101ರ ಮೊದಲ ಹೆಜ್ಜೆಯನ್ನಷ್ಟೇ ಮಾಡಿ ನೋಡುವುದು, 100ನೇ ಘಾತಕ್ಕೆ ಶೇಷ 1 ಬಂತೇ ಎಂದು. ಬಾರದಿದ್ದರೆ ಸಂಖ್ಯೆ ಖಂಡಿತ ಅವಿಭಾಜ್ಯ ಅಲ್ಲ. ಬಂದರೆ ಬಹುಶಃ ಹೌದು. ಈ ಪರೀಕ್ಷೆಗೆ ಮೋಸ ಮಾಡುವ ಸಂಖ್ಯೆಗಳಿವೆ. ಅವುಗಳಲ್ಲಿ ಒಂದು ಪ್ಯಾಲಿಂಡ್ರೋಮ್ ಕೂಡ ಇದೆ, 101101. ಅದು 7×11×13×101. ಆದರೂ ತನ್ನೊಂದಿಗೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಸಂಖ್ಯೆಯಿಂದ ಪರೀಕ್ಷಿಸಿದರೂ ಅವಿಭಾಜ್ಯದಂತೆಯೇ ನಟಿಸುತ್ತದೆ.

ಇಲ್ಲಿ ಎರಡು ಬಣ ಇವೆ. ಇನ್ನೂ ಬಿಗಿಯಾದ ಪರೀಕ್ಷೆಗಳನ್ನು ದಾಟಿ ಬಂದ ದೈತ್ಯ ಸಂಖ್ಯೆ ಸುಳ್ಳಾಗುವ ಸಾಧ್ಯತೆ ಎಷ್ಟು ಸಣ್ಣದೆಂದರೆ, ಅದನ್ನು ಒಪ್ಪದಿರುವುದು ಹಟ ಎನ್ನುತ್ತದೆ ಒಂದು ಬಣ. ಸಾಧ್ಯತೆ ಬೇರೆ, ಸಾಬೀತು ಬೇರೆ ಎನ್ನುತ್ತದೆ ಇನ್ನೊಂದು. ಎರಡನೆಯವರ ಮಾತೇ ಸರಿ. 49,081 ಒಂದುಗಳ ಸಂಖ್ಯೆ ಅವಿಭಾಜ್ಯ ಎಂದು 1999ರಲ್ಲೇ ಹೆಚ್ಚಿನವರು ನಂಬಿದ್ದರು. ಆದರೆ ಸಾಬೀತಿಗಾಗಿ ಹಟ ಹಿಡಿದದ್ದರಿಂದಲೇ ಆಮೇಲಿನ ವರ್ಷಗಳಲ್ಲಿ ವಿಧಾನಗಳು ಬಲಿತವು.

ಬೀಗಗಳಿಗೆ ಏನೂ ಆಗುವುದಿಲ್ಲ

ಬ್ಯಾಂಕ್ ವ್ಯವಹಾರ ಕಾಯುವ ಗೂಢಲಿಪಿಯಲ್ಲಿ ಅವಿಭಾಜ್ಯಗಳಿಗೆ ದೊಡ್ಡ ಪಾತ್ರ ಇದೆ. ಅದಕ್ಕೇ ಇಂಥ ಸುದ್ದಿ ಬಂದಾಗಲೆಲ್ಲ ಭಯ ಹುಟ್ಟುತ್ತದೆ. ಆದರೆ ಆರ್‌ಎಸ್‌ಎ ಎಂಬ ಗೂಢಲಿಪಿ ಪದ್ಧತಿಯ 2,048 ಬಿಟ್‌ನ ಕೀಲಿಗೆ ಬೇಕಾಗುವುದು ಸುಮಾರು 309 ಅಂಕಿಗಳ ಎರಡು ಅವಿಭಾಜ್ಯಗಳು. ಅಂಥವು ಕ್ಷಣದಲ್ಲಿ ಸಿಗುತ್ತವೆ. ಲಕ್ಷಾಂತರ ಅಂಕಿಯದ್ದು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೆಸರಾದ ಸಂಖ್ಯೆಯಂತೂ ಬೇಡವೇ ಬೇಡ, ಯಾಕೆಂದರೆ ಕೀಲಿಯ ಬಲವೇ ಅದು ಯಾರಿಗೂ ಗೊತ್ತಿಲ್ಲದಿರುವುದರಲ್ಲಿ ಇದೆ. ಪ್ಯಾಲಿಂಡ್ರೋಮ್ ಆಗಿದ್ದರೆ ಇನ್ನೂ ಕೆಟ್ಟದ್ದು, ಅರ್ಧ ಊಹಿಸಿದರೆ ಇನ್ನರ್ಧ ತಾನಾಗಿ ಸಿಗುತ್ತದೆ.

ನಿಜವಾದ ಪ್ರಯೋಜನ ಬೇರೆ ಕಡೆ ಇದೆ. ಲಕ್ಷಾಂತರ ಅಂಕಿಗಳ ಗುಣಾಕಾರವನ್ನು ಲಕ್ಷಾಂತರ ಸಲ ಮಾಡುವಾಗ ಒಂದೇ ಒಂದು ಬಿಟ್ ತಪ್ಪಿದರೂ ಉತ್ತರ ಹಾಳು. ಹಾಗಾಗಿ ಈ ಲೆಕ್ಕಗಳು ಯಂತ್ರದ ದೋಷವನ್ನು ಹೊರಗೆ ಎಳೆಯುತ್ತವೆ. 1994ರಲ್ಲಿ ಪೆಂಟಿಯಂ ಚಿಪ್‌ನ ಭಾಗಾಕಾರದ ದೋಷ ಬಯಲಾದದ್ದು ಗಣಿತಜ್ಞ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯಗಳ (11, 13ರಂತೆ 2ರ ಅಂತರದ ಜೋಡಿಗಳ) ಮೇಲೆ ಲೆಕ್ಕ ಮಾಡುತ್ತಿದ್ದಾಗ. 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್‌ಗಳು ಲೆಕ್ಕದ ನಡುವೆ ಸ್ತಬ್ಧವಾಗುವುದನ್ನು ಹೊರಗೆಡವಿದ್ದೂ ಅವಿಭಾಜ್ಯ ಹುಡುಕುವ ತಂತ್ರಾಂಶವೇ.

ಇವಕ್ಕೆ ಕೊನೆ ಇದೆಯೇ?

ದಾಖಲೆಗಳು ಬರುತ್ತಾ ಹೋಗುತ್ತವೆ. ಆದರೆ ಪ್ಯಾಲಿಂಡ್ರೋಮ್ ಅವಿಭಾಜ್ಯಗಳು ಅನಂತವೇ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಒಂಬತ್ತಂಕಿಯವು 5,172. ಹನ್ನೊಂದಂಕಿಯವು 42,042. ಹದಿಮೂರಂಕಿಯವು 3,53,701. ಹದಿನೈದಂಕಿಯವು 30,36,643. ಪ್ರತಿ ಹೆಜ್ಜೆಗೂ ಎಂಟು ಪಟ್ಟಿಗಿಂತ ಜಾಸ್ತಿ. ಇದು ಇದ್ದಕ್ಕಿದ್ದಂತೆ ನಿಲ್ಲುತ್ತದೆ ಎಂದು ಯಾರಿಗೂ ಅನ್ನಿಸುವುದಿಲ್ಲ. 2004ರಲ್ಲಿ ಬ್ಯಾಂಕ್ಸ್, ಹಾರ್ಟ್, ಸಕಾಟಾ ಎಂಬ ಮೂವರು ಹೆಚ್ಚುಕಮ್ಮಿ ಎಲ್ಲ ಪ್ಯಾಲಿಂಡ್ರೋಮ್‌ಗಳೂ ಸಂಯುಕ್ತ ಸಂಖ್ಯೆಗಳೇ, ಅಂದರೆ ಅವಿಭಾಜ್ಯ ಅಲ್ಲದವೇ, ಎಂದು ಸಾಧಿಸಿದರು. ಇದು ಮೇಲಿನ ನಿರೀಕ್ಷೆಗೆ ವಿರುದ್ಧ ಅಲ್ಲ. ಪ್ರಮಾಣ ಸೊನ್ನೆಯತ್ತ ಇಳಿಯುತ್ತಾ ಹೋದರೂ ಒಟ್ಟು ಲೆಕ್ಕ ಏರುತ್ತಲೇ ಇರಬಹುದು.

ಅಂಕಿಗಳ ಜೋಡಣೆಯ ಪ್ರಶ್ನೆಗಳು ಗಂಭೀರ ಗಣಿತ ಅಲ್ಲ ಎಂಬ ಹಳೆಯ ಅಭಿಪ್ರಾಯ ಒಂದಿದೆ. ಬ್ರಿಟಿಷ್ ಗಣಿತಜ್ಞ ಜಿ. ಎಚ್. ಹಾರ್ಡಿ ಅದನ್ನು 1940ರಲ್ಲಿ ನೇರವಾಗಿಯೇ ಹೇಳಿದ್ದರು. 8712 ಎನ್ನುವುದು 2178ರ ನಾಲ್ಕು ಪಟ್ಟು ಎಂಬಂಥ ಚಮತ್ಕಾರಗಳು ಗಣಿತಜ್ಞರನ್ನು ಸೆಳೆಯುವಂಥವಲ್ಲ ಎಂಬುದು ಅವರ ನಿಲುವು. ಬಿಡಿ ಚಮತ್ಕಾರಗಳ ಮಟ್ಟಿಗೆ ಅದು ಸರಿ. ಆದರೆ 2019ರಲ್ಲಿ ಪ್ರಕಟವಾದ ಜೇಮ್ಸ್ ಮೇನಾರ್ಡ್ ಅವರ ಕೆಲಸ ಚಿತ್ರವನ್ನೇ ಬದಲಿಸಿತು. 0ಯಿಂದ 9ರವರೆಗೆ ನಿಮಗೆ ಬೇಕಾದ ಒಂದು ಅಂಕಿ ಆರಿಸಿ, ಆ ಅಂಕಿ ಎಲ್ಲೂ ಬರದ ಅವಿಭಾಜ್ಯಗಳು ಅನಂತ ಎಂದು ಅವರು ಸಾಧಿಸಿದರು. 2022ರಲ್ಲಿ ಅವರಿಗೆ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಬಂತು.

ಅದೇ ದಾರಿಯಲ್ಲಿ ಪ್ಯಾಲಿಂಡ್ರೋಮ್‌ಗೂ ಹೋಗಬಹುದಲ್ಲ? ತೊಡಕು ಇರುವುದು ಅವುಗಳ ವಿರಳತೆಯಲ್ಲಿ. ಹದಿನೈದಂಕಿಯವರೆಗಿನ 10 ಕೋಟಿ ಕೋಟಿ ಸಂಖ್ಯೆಗಳಲ್ಲಿ 7 ಇಲ್ಲದವು ಸುಮಾರು 2 ಕೋಟಿ ಕೋಟಿ. ಪ್ಯಾಲಿಂಡ್ರೋಮ್‌ಗಳು ಬರೀ 11 ಕೋಟಿ. 2023ರಲ್ಲಿ ಅಲೆಕ್ಸಾಂಡರ್ ಟುಕ್ಸಾನಿಡಿ ಮತ್ತು ಡೇನಿಯಲ್ ಪನಾರಿಯೊ ಒಂದು ದೊಡ್ಡ ಹೆಜ್ಜೆ ಇಟ್ಟರು. ಹೆಚ್ಚೆಂದರೆ ಆರು ಅವಿಭಾಜ್ಯ ಅಪವರ್ತನಗಳಿರುವ ಪ್ಯಾಲಿಂಡ್ರೋಮ್‌ಗಳು ಅನಂತ ಎಂದು ಅವರು ತೋರಿಸಿದರು. ಆರನ್ನು ಒಂದಕ್ಕೆ ಇಳಿಸಿದರೆ ಪ್ರಶ್ನೆ ಬಗೆಹರಿದಂತೆ. ಆದರೆ ಅವರು ಬಳಸಿದ ಜರಡಿ ವಿಧಾನಕ್ಕೆ, ಅಂದರೆ ಚಿಕ್ಕ ಭಾಜಕಗಳಿರುವ ಸಂಖ್ಯೆಗಳನ್ನು ಸೋಸಿ ತೆಗೆದು ಉಳಿದವನ್ನು ಅಂದಾಜಿಸುವ ವಿಧಾನಕ್ಕೆ, ಒಂದು ಹಳೆಯ ಮಿತಿ ಇದೆ. ಅಪವರ್ತನಗಳ ಲೆಕ್ಕ ಸಮವೋ ಬೆಸವೋ ಎಂದು ಬರೀ ಜರಡಿಯಿಂದ ಬೇರ್ಪಡಿಸಲು ಆಗುವುದಿಲ್ಲ. ಆರು ಐದಾಗಬಹುದು, ಮೂರೂ ಆಗಬಹುದು. ಒಂದಕ್ಕೆ ಇಳಿಯಬೇಕಾದರೆ ಜರಡಿಯ ಜೊತೆಗೆ ಬೇರೆ ಬಗೆಯ ಮಾಹಿತಿಯೂ ಸೇರಬೇಕು. 7 ಇಲ್ಲದ ಸಂಖ್ಯೆಗಳಿಗೆ ಮೇನಾರ್ಡ್ ಅದನ್ನು ಒದಗಿಸಿಕೊಂಡರು, ಪ್ಯಾಲಿಂಡ್ರೋಮ್‌ಗಳಿಗೆ ಅದು ಇನ್ನೂ ಸಿಕ್ಕಿಲ್ಲ.